ಹಲ್ಲು ಎಣಿಸುವ ಮುನ್ನ ದಾರಿ ನೋಡು

ಅಳಿಯಾ, ಕಾರಿನ ಫೈನಲ್ ಡ್ರೈವ್ 4.1 ಇದ್ದದ್ದನ್ನು 4.6 ಮಾಡಿಸಿ, ಎಂಜಿನ್ನಿನ ಕಂಪ್ಯೂಟರಾದ ಈಸಿಯುವನ್ನು ರೀಮ್ಯಾಪ್ ಮಾಡಿಸಿ ರೆವ್ ಲಿಮಿಟ್ಟನ್ನು 6500ರಿಂದ 7300 ಆರ್‌ಪಿಎಂಗೆ ಏರಿಸುವ ಯೋಚನೆಯಲ್ಲಿದ್ದೀಯಂತೆ. "ಕಾರಿಗೆ ಹೊಸ ಹಲ್ಲು ಕಟ್ಟಿಸ್ತಾನಂತೆ ಅಣ್ಣಾ, ಸ್ವಲ್ಪ ಬುದ್ಧಿ ಹೇಳು" ಅಂತ ನಿನ್ನಮ್ಮ ಫೋನು ಮಾಡಿದ್ದಳು. ಬುದ್ಧಿ ಹೇಳುವ ವಯಸ್ಸು ನನ್ನದು, ಕೇಳುವ ವಯಸ್ಸು ನಿನ್ನದಲ್ಲ ಅನ್ನುವುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೇಡ ಅನ್ನುವುದಿಲ್ಲ. ಮಾಡಿಸುವುದಾದರೆ ತಿಳಿದು ಮಾಡಿಸು ಅನ್ನುವುದಷ್ಟೇ ನನ್ನ ಮಾತು.

ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಗೇರು ಎಂಜಿನ್ನಿನ ಬಲವನ್ನು ಒಂದು ಹಿಡಿಯಷ್ಟೂ ಹೆಚ್ಚಿಸುವುದಿಲ್ಲ. ಇರುವ ಬಲ ಯಾವ ವೇಗದಲ್ಲಿ ಕೈಗೆ ಸಿಗಬೇಕು ಅನ್ನುವುದನ್ನು ಮಾತ್ರ ಅದು ತೀರ್ಮಾನಿಸುತ್ತದೆ. ತೋಟದಲ್ಲಿ ಮೇಲಿನ ಪಟ್ಟೆಗೆ ನೀರು ತಿರುಗಿಸಿದರೆ ಕೆಳಗಿನ ಪಟ್ಟೆಗೆ ಅಷ್ಟು ಕಡಿಮೆ. ಕೆರೆಯ ನೀರು ಇದ್ದಷ್ಟೇ ಇರುತ್ತದೆ. ಹಾಗಾಗಿ ಎಷ್ಟರ ರೇಶಿಯೋ ಅಂತ ಕೇಳುವ ಮೊದಲು ಯಾವ ದಾರಿ, ಯಾವ ವೇಗ ಅಂತ ನಿನ್ನನ್ನೇ ಕೇಳಿಕೋ.

ಫೈನಲ್ ಡ್ರೈವ್ ಅಂದರೆ ಏನು ಅಂತ ನಿನಗೆ ಗೊತ್ತು, ಆದರೂ ಒಮ್ಮೆ ನೆನಪಿಸುತ್ತೇನೆ. ಗೇರ್‌ಬಾಕ್ಸಿನಿಂದ ಹೊರಬಂದ ತಿರುಗಾಟ ಚಕ್ರಕ್ಕೆ ಹೋಗುವ ಮುನ್ನ ದಾಟಬೇಕಾದ ಕೊನೆಯ ಹಲ್ಲುಜೋಡಿ ಅದು. ಜೀಪಿನಂಥ ಗಾಡಿಯಲ್ಲಿ ಹಿಂದಿನ ಹೌಸಿಂಗಿನೊಳಗಿನ ಕ್ರೌನ್ ಮತ್ತು ಪಿನಿಯನ್. ನಿನ್ನಂಥ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಗೇರ್‌ಬಾಕ್ಸಿನ ಹೊಟ್ಟೆಯಲ್ಲೇ ಇರುವ ದೊಡ್ಡ ರಿಂಗ್ ಗೇರು. ಪಿನಿಯನ್ನಿಗೆ 9 ಹಲ್ಲು, ಕ್ರೌನಿಗೆ 37 ಹಲ್ಲು ಇದ್ದರೆ 37 ಭಾಗಿಸು 9, ಅಂದರೆ 4.11. ಪಿನಿಯನ್ 4.11 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಈ ಸಂಖ್ಯೆ ದೊಡ್ಡದಾದರೆ ಶಾರ್ಟ್ ಗೇರಿಂಗ್ ಅನ್ನುತ್ತಾರೆ, ಚಿಕ್ಕದಾದರೆ ಟಾಲ್. ಒಂದರಿಂದ ಐದರವರೆಗೆ ಎಲ್ಲ ಗೇರೂ ಈ ಒಂದೇ ಬಾಗಿಲನ್ನು ದಾಟುವುದರಿಂದ ಇದೊಂದನ್ನು ಬದಲಿಸಿದರೆ ಐದೂ ಒಟ್ಟಿಗೆ ಬದಲಾಗುತ್ತವೆ. ಆಕರ್ಷಣೆಯೂ ಅದೇ, ಅಪಾಯವೂ ಅದೇ.

ಈಗ ಕಾಗದ ಪೆನ್ನು ತಗೋ. ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿಗಳನ್ನು ಹಿಡಿಯುತ್ತೇನೆ. ನಿನ್ನ ಕಾರಿನ ನಿಜವಾದ ಅಂಕಿಗಳನ್ನು ಸರ್ವಿಸ್ ಮ್ಯಾನುಯಲ್ ನೋಡಿ ಅಲ್ಲಿ ಕೂರಿಸಿಕೋ. ಗೇರುಗಳು 3.5, 1.9, 1.3, 1.0, 0.8 ಇರಲಿ. ಟೈರು 175/65 ಆರ್14 ಆದರೆ ಗಾಡಿಯ ಭಾರಕ್ಕೆ ತುಸು ಅದುಮಿಕೊಂಡು ಒಂದು ಸುತ್ತಿಗೆ ಸುಮಾರು 1.8 ಮೀಟರ್ ಉರುಳುತ್ತದೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಗಂಟೆಗೆ ಎಷ್ಟು ಕಿ.ಮೀ. ಅಂತ ತಿಳಿಯಲು 108 ಅನ್ನು ಗೇರಿನ ರೇಶಿಯೋ ಗುಣಿಸು ಫೈನಲ್ ಡ್ರೈವ್‌ನಿಂದ ಭಾಗಿಸಿದರೆ ಆಯಿತು. 108 ಎಲ್ಲಿಂದ ಬಂತು ಅಂದರೆ 1000 ಸುತ್ತು, 60 ನಿಮಿಷ, 1.8 ಮೀಟರ್ ಗುಣಿಸಿ ಕಿಲೋಮೀಟರಿಗೆ ತಂದದ್ದು.

4.1ರಲ್ಲಿ 6500ರ ಲಿಮಿಟ್ಟಿನವರೆಗೆ ಎಳೆದರೆ ಮೊದಲ ಗೇರು 49 ಕಿ.ಮೀ.ಗೆ ಮುಗಿಯುತ್ತದೆ, ಎರಡನೆಯದು 90ಕ್ಕೆ, ಮೂರನೆಯದು 132ಕ್ಕೆ. ಐದರಲ್ಲಿ 214 ಅಂತ ಲೆಕ್ಕ ಬರುತ್ತದೆ. ಗಾಳಿಯನ್ನು ಸೀಳಿಕೊಂಡು ಅಷ್ಟು ದೂರ ಹೋಗುವ ಶಕ್ತಿ ನಿನ್ನ ಎಂಜಿನ್ನಿಗಿಲ್ಲ, ಹಾಗಾಗಿ ಅದು ಕಾಗದದ ಮೇಲಿನ ವೇಗ. 4.6 ಹಾಕಿದರೆ ಮೊದಲ ಗೇರು 44ಕ್ಕೆ, ಎರಡನೆಯದು 80ಕ್ಕೆ, ಮೂರನೆಯದು 117ಕ್ಕೆ ಮುಗಿಯುತ್ತದೆ. ಎಲ್ಲ ಗೇರಿನಲ್ಲೂ ಚಕ್ರಕ್ಕೆ ತಲುಪುವ ತಿರುಚುಬಲ ಶೇ. 12ರಷ್ಟು ಹೆಚ್ಚು, ಆ ಗೇರು ತಲುಪುವ ವೇಗ ಶೇ. 11ರಷ್ಟು ಕಡಿಮೆ. "ಪಿಕಪ್ಪು ಬಂತು" ಅಂತ ಎಲ್ಲರೂ ಹೇಳುವುದು ಮೊದಲಿನ ಅರ್ಧವನ್ನು. ಎರಡನೆಯ ಅರ್ಧ ಹೆದ್ದಾರಿಯಲ್ಲಿ ಗೊತ್ತಾಗುತ್ತದೆ.

ಇಷ್ಟಕ್ಕೇ ಮಾತು ಮುಗಿಯಲಿಲ್ಲ. ಎಂಜಿನ್ ಎಲ್ಲ ಆರ್‌ಪಿಎಂನಲ್ಲೂ ಒಂದೇ ತಿರುಚುಬಲ, ಅಂದರೆ ಟಾರ್ಕ್, ಕೊಡುವುದಿಲ್ಲವಲ್ಲ. ನಿನ್ನದರಂಥ ಸಣ್ಣ ಪೆಟ್ರೋಲ್ ಎಂಜಿನ್ 4400ರ ಹೊತ್ತಿಗೆ 110 ನ್ಯೂಟನ್ ಮೀಟರ್, 6000ದಲ್ಲಿ 100, 6500ರಲ್ಲಿ 90, 7000ದಲ್ಲಿ 75 ಕೊಡುತ್ತದೆ ಅಂತ ಇಟ್ಟುಕೋ. ಎರಡನೇ ಗೇರಿನಲ್ಲಿ 60ರ ವೇಗದಲ್ಲಿ ಹೋಗುತ್ತಿದ್ದೀಯ. 4.1ರಲ್ಲಿ ಎಂಜಿನ್ 4300ರ ಆಸುಪಾಸು, ಚಕ್ರಕ್ಕೆ ಸುಮಾರು 857 ನ್ಯೂಟನ್ ಮೀಟರ್. 4.6ರಲ್ಲಿ ಎಂಜಿನ್ 4850, ಚಕ್ರಕ್ಕೆ ಸುಮಾರು 953. ಇಲ್ಲಿ ಹೊಸ ಹಲ್ಲು ಗೆದ್ದಿತು. ಅದೇ ಕಾರನ್ನು 85ರಲ್ಲಿ ನೋಡು. 4.1ರಲ್ಲಿ ಇನ್ನೂ ಎರಡನೇ ಗೇರಿನಲ್ಲೇ ಇದ್ದೀಯ, 6100ರ ಮೇಲೆ, ಚಕ್ರಕ್ಕೆ 763. 4.6ರಲ್ಲಿ ಎರಡನೇ ಗೇರು 80ಕ್ಕೇ ತೀರಿದ್ದರಿಂದ ಮೂರಕ್ಕೆ ಹೋಗಿಯಾಗಿದೆ, ಚಕ್ರಕ್ಕೆ 652. 60ರಲ್ಲಿ ಶೇ. 11 ಗೆದ್ದವನು 85ರಲ್ಲಿ ಶೇ. 15 ಸೋತ. 80ರಿಂದ 90ರ ನಡುವೆ ಹಳೆಯ ಹಲ್ಲೇ ಮೇಲು. ಇಂಥ ಸೋಲಿನ ಕಿಟಕಿ ಪ್ರತಿ ಎರಡು ಗೇರುಗಳ ನಡುವೆ ಒಂದೊಂದು ಇರುತ್ತದೆ: 44ರಿಂದ 49ರ ನಡುವೆ ಒಂದು, 80ರಿಂದ 90ರ ನಡುವೆ ಒಂದು, 117ರಿಂದ 132ರ ನಡುವೆ ಇನ್ನೊಂದು. ನಿನ್ನ ಓಡಾಟದ ವೇಗ ಈ ಕಿಟಕಿಗಳ ಹೊರಗಿದ್ದರೆ ಲಾಭ, ಒಳಗಿದ್ದರೆ ನಷ್ಟ.

ಸೊನ್ನೆಯಿಂದ ನೂರು ಎಷ್ಟು ಸೆಕೆಂಡು ಅಂತ ಎಲ್ಲರೂ ಕೇಳುತ್ತಾರೆ. ಆ ಅಂಕಿಯ ಒಳಗುಟ್ಟು ಇಲ್ಲೇ ಇದೆ. ಎರಡನೇ ಗೇರು ನೂರನ್ನು ಮುಟ್ಟುವ ಹಾಗಿದ್ದರೆ ಒಂದೇ ಸಲ ಗೇರು ಬದಲಿಸಿದರೆ ಸಾಕು. 90ಕ್ಕೇ ಮುಗಿದರೆ ಎರಡು ಸಲ. ಪ್ರತಿ ಸಲ ಕ್ಲಚ್ ಒತ್ತಿದಾಗಲೂ ಎಳೆತ ನಿಂತು ಗಾಡಿ ತೇಲುತ್ತದೆ, ಹೊತ್ತು ಹೋಗುತ್ತದೆ. ನಮ್ಮ ಲೆಕ್ಕದ ಕಾರಿಗೆ ಫೈನಲ್ ಡ್ರೈವನ್ನು 3.65ಕ್ಕೆ ಇಳಿಸಿದರೆ 6500ರಲ್ಲೇ ಎರಡನೇ ಗೇರು 101 ಮುಟ್ಟುತ್ತದೆ. ಎಳೆತ ಕಡಿಮೆಯಾದ ಗಾಡಿ ಕಾಗದದಲ್ಲಿ ಚುರುಕಾಗಿ ಕಾಣುವ ವಿಚಿತ್ರ ಹೀಗೆ ಸಾಧ್ಯ. ಆದ್ದರಿಂದ ಆ ಒಂದು ಅಂಕಿ ಇಟ್ಟುಕೊಂಡು ಯಾವ ಗಾಡಿಯನ್ನೂ ಹೊಗಳಬೇಡ, ತೆಗಳಲೂ ಬೇಡ.

ನಿನಗೆ 4.6 ಮತ್ತು 7300 ಅಂತ ಜೋಡಿ ಹೇಳಿಕೊಟ್ಟವನು ಲೆಕ್ಕ ಬಲ್ಲವನೇ. 4.6ನ್ನು 4.1ರಿಂದ ಭಾಗಿಸಿದರೆ 1.12, 7300ನ್ನು 6500ರಿಂದ ಭಾಗಿಸಿದರೂ 1.12. ಅಂದರೆ ಲಿಮಿಟ್ಟನ್ನು ಅಷ್ಟು ಏರಿಸಿದರೆ ಶಾರ್ಟ್ ಹಲ್ಲು ಕಸಿದುಕೊಂಡ ವೇಗವೆಲ್ಲ ವಾಪಸು ಬರುತ್ತದೆ, ಎರಡನೇ ಗೇರು ಮತ್ತೆ 90 ಮುಟ್ಟುತ್ತದೆ. ಎಳೆತವೂ ಉಳಿಯಿತು, ವೇಗವೂ ಉಳಿಯಿತು ಅಂತ ಅನಿಸುತ್ತದೆ. ಇದರೊಳಗೆ ಒಂದು ಷರತ್ತು ಅಡಗಿದೆ: 6500ರಿಂದ 7300ರವರೆಗೆ ಎಂಜಿನ್ ನಿಜವಾಗಿಯೂ ಎಳೆಯಬೇಕು. ತಿರುಗುವುದು ಬೇರೆ, ಎಳೆಯುವುದು ಬೇರೆ.

ನಮ್ಮ ಎಂಜಿನ್ನಿಗೇ ಬಾ. 4.1ರಲ್ಲಿ ಎರಡನೇ ಗೇರನ್ನು 7000ದವರೆಗೆ ಹಿಡಿದರೆ ಚಕ್ರಕ್ಕೆ 75 ಗುಣಿಸು 7.79 (ಗೇರಿನ 1.9 ಗುಣಿಸು ಫೈನಲ್ ಡ್ರೈವಿನ 4.1), ಸುಮಾರು 584. ಅದೇ ಕ್ಷಣ ಮೂರಕ್ಕೆ ಹಾಕಿದರೆ ಎಂಜಿನ್ 4800ಕ್ಕೆ ಇಳಿದು 109 ಗುಣಿಸು 5.33 (1.3 ಗುಣಿಸು 4.1), ಸುಮಾರು 581. ಎರಡೂ ಸಮ. ಅಂದರೆ ಈ ಎಂಜಿನ್ನಿಗೆ ಗೇರು ಬದಲಿಸುವ ಸರಿಯಾದ ಜಾಗ 7000. ಲಿಮಿಟ್ಟು 6500ಕ್ಕೇ ನಿಲ್ಲಿಸಿದಾಗ ಎಳೆತದ ಕೊನೆಯ ತುಣುಕು ಕೈತಪ್ಪುತ್ತಿತ್ತು ಅನ್ನುವುದು ನಿಜ. ಲಿಮಿಟ್ಟನ್ನು 7000ಕ್ಕೆ ಏರಿಸಿದರೆ 90ರಿಂದ 97ರ ನಡುವೆ ತುಸು ಲಾಭ ಇದೆ. 7000 ದಾಟಿದ ಮೇಲೆ ಸದ್ದು ಮಾತ್ರ ನಿನ್ನದು, ಮುಂದೆ ಹೋಗುವವನು ಪಕ್ಕದ ಕಾರಿನವನು. ಅತಿ ಹೆಚ್ಚಿನ ಪವರ್ 6000ದಲ್ಲಿ ಸಿಗುತ್ತದೆ ಅಂತ 6000ಕ್ಕೇ ಗೇರು ಬದಲಿಸುವವರೂ ಇದ್ದಾರೆ, ಅದೂ ತಪ್ಪು. ಪವರ್ ಶಿಖರವನ್ನು ದಾಟಿ ಸ್ವಲ್ಪ ದೂರ ಹಿಡಿದರೆ ಮುಂದಿನ ಗೇರು ಶಿಖರದ ಹತ್ತಿರವೇ ಶುರುವಾಗುತ್ತದೆ.

ಇನ್ನೊಂದು ವಿಷಯದಲ್ಲಿ ಗ್ಯಾರೇಜುಗಳಲ್ಲೂ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಫೈನಲ್ ಡ್ರೈವ್ ಬದಲಿಸಿದರೆ ಗೇರುಗಳ ನಡುವಿನ ಅಂತರ ಬದಲಾಗುವುದಿಲ್ಲ. 6500ರಲ್ಲಿ ಎರಡರಿಂದ ಮೂರಕ್ಕೆ ಹಾಕಿದರೆ 4450ಕ್ಕೆ ಬೀಳುವುದು 4.1ರಲ್ಲೂ ಅಷ್ಟೇ, 4.6ರಲ್ಲೂ ಅಷ್ಟೇ. ಗೇರು ಹಾಕಿದಾಗ ಎಂಜಿನ್ ಸತ್ತಂತಾಗುತ್ತದೆ ಅನ್ನುವುದು ನಿನ್ನ ದೂರಾದರೆ ಅದಕ್ಕೆ ಮದ್ದು ಕ್ಲೋಸ್ ರೇಶಿಯೋ ಗೇರ್ ಸೆಟ್ಟು, ಫೈನಲ್ ಡ್ರೈವ್ ಅಲ್ಲ.

ರೆವ್ ಲಿಮಿಟ್ ಯಾಕೆ ಇದೆ ಅನ್ನುವುದಕ್ಕೆ ಬರುತ್ತೇನೆ. ಕಂಪನಿಯವರು ಸುಮ್ಮನೆ ಕಟ್ಟಿಹಾಕಿದ್ದಾರೆ, ಬಿಚ್ಚಿದರೆ ಹುಲಿ ಹೊರಗೆ ಬರುತ್ತದೆ ಅಂತ ಹುಡುಗರು ನಂಬುತ್ತಾರೆ. ಪಿಸ್ಟನ್ ಮೇಲೆ ಹೋಗಿ ನಿಂತು, ತಿರುಗಿ ಕೆಳಗೆ ಬರಬೇಕು. 6500ರಲ್ಲಿ ಇದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ. ಹಾಗೆ ನಿಲ್ಲಿಸಿ ಎಳೆಯುವ ಬಲವೆಲ್ಲ ಕನೆಕ್ಟಿಂಗ್ ರಾಡಿನ ಮೇಲೆ, ಅದರ ಬೋಲ್ಟುಗಳ ಮೇಲೆ ಬೀಳುತ್ತದೆ. ಆ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6500ರಿಂದ 7300 ಅಂದರೆ ಶೇ. 12 ಹೆಚ್ಚು, ಆದರೆ ಬೋಲ್ಟಿನ ಮೇಲಿನ ಎಳೆತ ಶೇ. 26 ಹೆಚ್ಚು. ವಾಲ್ವಿನ ಕತೆಯೂ ಇದೇ. ವೇಗ ಮಿತಿಮೀರಿದರೆ ಸ್ಪ್ರಿಂಗು ವಾಲ್ವನ್ನು ಸಮಯಕ್ಕೆ ಸರಿಯಾಗಿ ಎಳೆದು ಮುಚ್ಚಲಾರದು. ಕ್ಯಾಮಿನಿಂದ ಬಿಟ್ಟು ವಾಲ್ವು ತೇಲುತ್ತದೆ, ಮೇಲೆ ಬರುವ ಪಿಸ್ಟನ್ನಿಗೆ ತಾಗಬಹುದು. ಆಮೇಲೆ ಹೆಡ್ ಬಿಚ್ಚುವ ಖರ್ಚಿಗಿಂತ ವಾಲ್ವಿನ ಚೂರುಗಳನ್ನು ಹುಡುಕುವ ಕೆಲಸ ದೊಡ್ಡದು.

ಹೆಚ್ಚು ತಿರುಗುವ ಎಂಜಿನ್ ಕಟ್ಟುವವರು ಇದಕ್ಕೆಲ್ಲ ಬೆಲೆ ತೆತ್ತೇ ಕಟ್ಟುತ್ತಾರೆ. ಹೋಲಿಕೆಗೆ ಮೊದಲು ಸಾಧಾರಣ ಎಂಜಿನ್ ನೋಡು: ಮಾರುತಿ 800ರ ಪಿಸ್ಟನ್ ಓಡುವ ದೂರ 72 ಮಿಲಿಮೀಟರ್. 6000 ಆರ್‌ಪಿಎಂನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 14.4 ಮೀಟರ್. ಹೋಂಡಾ ಎಸ್2000ದ ಮೊದಲ ಎರಡು ಲೀಟರ್ ಎಂಜಿನ್ನು 9000ಕ್ಕೆ ತಿರುಗುತ್ತಿತ್ತು. ಅಲ್ಲಿ ಪಿಸ್ಟನ್ ವೇಗ 25.2 ಮೀಟರ್. ಅಮೆರಿಕದ ಮಾರುಕಟ್ಟೆಗೆ 2004ರಲ್ಲಿ ಅದನ್ನೇ 2.2 ಲೀಟರ್ ಮಾಡಿದಾಗ ಪಿಸ್ಟನ್ ಓಟ 84ರಿಂದ 90.7 ಮಿಲಿಮೀಟರಿಗೆ ಏರಿತು, ಕೆಂಪುಗೆರೆ 8000ಕ್ಕೆ ಇಳಿಯಿತು. ಫಾರ್ಮುಲಾ ಒನ್ ನೋಡು: 2006ರ ವಿ8 ಎಂಜಿನ್ನುಗಳು 20,000 ಮುಟ್ಟಿದವು, 2007ರಲ್ಲಿ ನಿಯಮ ಮಾಡಿ 19,000ಕ್ಕೆ, 2009ರಲ್ಲಿ 18,000ಕ್ಕೆ ಕಟ್ಟಿದರು. 18,000 ಕೇಳಿ ಬಾಯಿ ಬಿಡಬೇಡ. ಆ ಪಿಸ್ಟನ್ ಓಡುತ್ತಿದ್ದದ್ದು ಸುಮಾರು 40 ಮಿಲಿಮೀಟರ್ ಮಾತ್ರ. ಸರಾಸರಿ ವೇಗ 24 ಮೀಟರಿನ ಆಸುಪಾಸು, ಎಸ್2000ಕ್ಕಿಂತ ಹೆಚ್ಚೇನಲ್ಲ. ವಾಲ್ವು ಮುಚ್ಚಲು ಅವರು ಉಕ್ಕಿನ ಸ್ಪ್ರಿಂಗನ್ನೇ ಬಿಟ್ಟು ಒತ್ತಿಟ್ಟ ಗಾಳಿಯನ್ನು ಬಳಸುತ್ತಾರೆ. 1986ರಲ್ಲಿ ರೆನೋ ತಂದ ಉಪಾಯ ಅದು. ಮಿತಿ ಅನ್ನುವುದು ಈಸಿಯುವಿನಲ್ಲಿ ಬರೆದ ಅಂಕಿಯಲ್ಲಿ ಇಲ್ಲ, ಲೋಹದಲ್ಲಿ ಇದೆ. ಲ್ಯಾಪ್‌ಟಾಪಿನಿಂದ ಅಂಕಿ ಅಳಿಸಬಹುದು. ಬೋಲ್ಟಿಗೆ ಆ ಸುದ್ದಿ ಮುಟ್ಟುವುದಿಲ್ಲ.

ಹಾಗಂತ ಶಾರ್ಟ್ ಫೈನಲ್ ಡ್ರೈವ್ ಬರೀ ಮರುಳು ಅಂತಲ್ಲ. 1995ರಲ್ಲಿ ಜಪಾನಿನಲ್ಲಿ ಬಂದ ಹೋಂಡಾ ಇಂಟೆಗ್ರಾ ಟೈಪ್ ಆರ್ 1.8 ಲೀಟರಿನಲ್ಲಿ 200 ಪಿಎಸ್ ಕೊಡುತ್ತಿತ್ತು, ಅದೂ 8000 ಆರ್‌ಪಿಎಂನಲ್ಲಿ. 1998ರಲ್ಲಿ ಪವರ್ ಅಂಕಿ ಹಾಗೇ ಇಟ್ಟು ಫೈನಲ್ ಡ್ರೈವನ್ನು 4.4ರಿಂದ 4.785ಕ್ಕೆ ಏರಿಸಿದರು. ಅವರಿಗೆ ಅದು ದಕ್ಕಿತು, ಯಾಕೆಂದರೆ ಆ ಎಂಜಿನ್ನಿನ ಕ್ಯಾಮು, ಸ್ಪ್ರಿಂಗು, ರಾಡು, ಪೋರ್ಟು ಎಲ್ಲವನ್ನೂ ಮೇಲಿನ ಆರ್‌ಪಿಎಂಗೇ ಕಟ್ಟಿದ್ದರು. ಮೊದಲು ಎಂಜಿನ್ನಿಗೆ ಮೇಲೆ ಉಸಿರಾಡಲು ಕಲಿಸಿದರು, ಆಮೇಲೆ ಲಿಮಿಟ್ ಏರಿತು, ಕೊನೆಗೆ ಹಲ್ಲು ಬದಲಾಯಿತು. ನೀನು ಕೊನೆಯದನ್ನು ಮೊದಲು ಮಾಡಲು ಹೊರಟಿದ್ದೀಯ.

ನಮ್ಮ ಕಡೆಯ ಉದಾಹರಣೆ ಬೇಕಾದರೆ ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ ನೋಡು. ಮಣ್ಣು ದಾರಿ, ನೂರು ಮೀಟರಿಗೊಂದು ತಿರುವು, ಎರಡು ಮೂರನೇ ಗೇರಿನಲ್ಲೇ ಇಡೀ ಸ್ಟೇಜು ಮುಗಿಯುತ್ತದೆ. ಅಲ್ಲಿ ಐದನೇ ಗೇರಿನ ಟಾಪ್ ಸ್ಪೀಡು ಯಾರಿಗೆ ಬೇಕು? ತಿರುವಿನಿಂದ ಹೊರಬರುವ ಎಳೆತ ಬೇಕು, ಶಾರ್ಟ್ ಹಲ್ಲು ಹೇಳಿ ಮಾಡಿಸಿದ್ದು. ಅದೇ ಗಾಡಿಯನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ದರೆ ನೇರ ಓಟದ ಅರ್ಧದಲ್ಲೇ ಲಿಮಿಟರಿಗೆ ಬಡಿದು ಕೂಗುತ್ತಾ ನಿಲ್ಲುತ್ತದೆ. ಟ್ರ್ಯಾಕಿನವರು ಹಲ್ಲು ಆರಿಸುವ ಕ್ರಮ ಹೀಗೆ: ಅತಿ ಉದ್ದದ ನೇರ ಓಟದ ಕೊನೆಯಲ್ಲಿ, ಬ್ರೇಕ್ ಒತ್ತುವ ಜಾಗದಲ್ಲಿ, ಟಾಪ್ ಗೇರು ಲಿಮಿಟ್ಟಿನ ಹೊಸ್ತಿಲಲ್ಲಿ ಇರಬೇಕು. ಅದಕ್ಕಿಂತ ಮೊದಲೇ ಮುಟ್ಟಿದರೆ ಹಲ್ಲು ಹೆಚ್ಚು ಶಾರ್ಟ್, ಮುಟ್ಟದೇ ಹೋದರೆ ಹೆಚ್ಚು ಟಾಲ್. ಆಮೇಲೆ ಒಂದೊಂದು ತಿರುವಿನಲ್ಲೂ ಯಾವ ಗೇರಿನಲ್ಲಿ ಹೊರಬರುತ್ತೇವೆ ಅಂತ ನೋಡಿ ತಿದ್ದುತ್ತಾರೆ. ತಿರುವಿನ ನಡುವೆಯೇ ಗೇರು ಮುಗಿಯುವ ಹಾಗಿದ್ದರೆ ಕಾಗದದ ಲೆಕ್ಕ ಎಷ್ಟು ಚೆನ್ನಾಗಿದ್ದರೂ ಆ ಹಲ್ಲು ಬೇಡ.

ನಿನ್ನ ದಾರಿ ಯಾವುದು? ವಾರದ ಐದು ದಿನ ಬೆಂಗಳೂರಿನ ಸಿಗ್ನಲ್ಲುಗಳು, ಹಬ್ಬಕ್ಕೆ ಹಾಸನದ ಹೆದ್ದಾರಿ ಹಿಡಿದು ಊರು, ಆಗೊಮ್ಮೆ ಈಗೊಮ್ಮೆ ಚಾರ್ಮಾಡಿ. ಘಾಟಿಯ ತಿರುವಿನಲ್ಲಿ 25ರ ವೇಗದಲ್ಲಿ ಎರಡನೇ ಗೇರಿನಲ್ಲಿದ್ದರೆ 4.1ರಲ್ಲಿ ಎಂಜಿನ್ 1800, 4.6ರಲ್ಲಿ 2000 ದಾಟಿರುತ್ತದೆ. ಆ ಏರಿನಲ್ಲಿ ಆ ಇನ್ನೂರು ಸುತ್ತು ಚೆನ್ನಾಗಿಯೇ ಗೊತ್ತಾಗುತ್ತದೆ, ಸುಳ್ಳು ಹೇಳುವುದಿಲ್ಲ. ಹೆದ್ದಾರಿಯಲ್ಲಿ 100ರಲ್ಲಿ ಐದನೇ ಗೇರು 4.1ರಲ್ಲಿ 3040 ತಿರುಗುತ್ತದೆ, 4.6ರಲ್ಲಿ 3410. ನೆಲಮಂಗಲ ದಾಟಿದಾಗಿನಿಂದ ಹಾಸನದವರೆಗೆ ಆ ಗುಂಯ್‌ಗುಟ್ಟುವಿಕೆಯನ್ನು ಕಿವಿ ಕೇಳಬೇಕು, ಆ ಪೆಟ್ರೋಲನ್ನು ಜೇಬು ಕೊಡಬೇಕು. ನಿನ್ನಮ್ಮ ಪಕ್ಕದಲ್ಲಿ ಕೂತಿದ್ದರೆ ಅವಳ ಮಾತೂ ಸೇರುತ್ತದೆ.

ಒಂದು ಭಯವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಲಿಮಿಟರು ಪೆಟ್ರೋಲನ್ನೋ ಸ್ಪಾರ್ಕನ್ನೋ ಕಡಿದು ಎಂಜಿನ್ ತಾನಾಗಿ ಮೇಲೇರುವುದನ್ನು ತಡೆಯುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸಿದರೆ ಅದು ಕೈಕಟ್ಟಿ ನೋಡುತ್ತದೆ. 120ರಲ್ಲಿ ಹೋಗುವಾಗ ಐದರಿಂದ ನಾಲ್ಕಕ್ಕೆ ಎಳೆಯಲು ಹೋಗಿ ಆತುರಕ್ಕೆ ಎರಡಕ್ಕೆ ಬಿದ್ದು ಕ್ಲಚ್ ಬಿಟ್ಟೆ ಅನ್ನು. 4.1ರಲ್ಲಿ ಎಂಜಿನ್ 8650ಕ್ಕೆ ಹಾರುತ್ತದೆ, 4.6ರಲ್ಲಿ 9700ಕ್ಕೆ. ಯಾವ ಈಸಿಯುವೂ ಕಾಪಾಡುವುದಿಲ್ಲ. ಶಾರ್ಟ್ ಹಲ್ಲು ಹಾಕಿಸಿಕೊಂಡವನ ಕೈ ಇನ್ನಷ್ಟು ಸಮಾಧಾನದ ಕೈಯಾಗಿರಬೇಕು.

ನಿನ್ನ ಗೆಳೆಯನ ಡೀಸೆಲ್ ಕಾರಿಗೂ ಇದೇ ಮಾಡಿಸಬೇಕು ಅಂದಿದ್ದೀಯಂತೆ, ಅದನ್ನು ಮರೆತುಬಿಡು. ಸ್ವಿಫ್ಟಿನಲ್ಲಿದ್ದ 1.3 ಲೀಟರ್ ಡೀಸೆಲ್ 190 ನ್ಯೂಟನ್ ಮೀಟರನ್ನು 2000 ಆರ್‌ಪಿಎಂನಲ್ಲಿ ಕೊಡುತ್ತಿತ್ತು, 75 ಪಿಎಸ್ಸನ್ನು 4000ದಲ್ಲಿ. ಅಲ್ಲಿಂದ ಮೇಲೆ ಏನೂ ಇಲ್ಲ. ಬಲವಾದ, ಆದರೆ ಗಿಡ್ಡ ಓಟದ ಎಂಜಿನ್ ಅದು. ಅಂಥದ್ದಕ್ಕೆ ಟಾಲ್ ಹಲ್ಲೇ ಸರಿ. ಶಾರ್ಟ್ ಹಾಕಿದರೆ ಟರ್ಬೊ ಎದ್ದು ಎಳೆಯುವಷ್ಟರಲ್ಲಿ ಗೇರು ಮುಗಿದು, ದಿನವಿಡೀ ಗೇರು ಲಿವರ್ ಮೇಲೇ ಕೈ.

ಕೆಲಸದ ಮನೆಯ ಮಾತು ನಾಲ್ಕು ಹೇಳಿ ಮುಗಿಸುತ್ತೇನೆ.

ಟೈರಿನ ಎತ್ತರವೂ ಗುಟ್ಟಾಗಿ ಫೈನಲ್ ಡ್ರೈವ್ ಬದಲಿಸುತ್ತದೆ. 583 ಮಿಲಿಮೀಟರ್ ಎತ್ತರದ ಟೈರು ತೆಗೆದು 620ರದ್ದು ಹಾಕಿದರೆ 4.1 ಇದ್ದದ್ದು 3.85ರ ಹಾಗೆ ನಡೆದುಕೊಳ್ಳುತ್ತದೆ. ಅಂದಕ್ಕೆ ದೊಡ್ಡ ಚಕ್ರ ಹಾಕಿಸಿ, ಪಿಕಪ್ಪು ಹೋಯಿತು ಅಂತ ಹಲ್ಲು ಬದಲಿಸಲು ಬರುವವರು ಬಹಳ. ನಿನ್ನ ಕಾರಿಗೂ ಹಿಂದಿನ ಮಾಲೀಕ ಎತ್ತರದ ಟೈರು ಹಾಕಿಸಿದ್ದಾನೋ ಅಂತ ಡೋರಿನ ಸ್ಟಿಕ್ಕರಿನ ಅಳತೆಗೆ ಹೋಲಿಸಿ ನೋಡು. ಹಾಕಿಸಿದ್ದರೆ ಕಂಪನಿ ಅಳತೆಯ ಟೈರು ಹಾಕಿಸು. ಅರ್ಧ ಕಾಯಿಲೆ ಅಲ್ಲೇ ವಾಸಿ.

ಜೀಪು, ಜಿಪ್ಸಿಯಂಥ ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಹಿಂದೆ ಮುಂದೆ ಎರಡೂ ಹೌಸಿಂಗಿನಲ್ಲಿ ಒಂದೇ ರೇಶಿಯೋ ಇರಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್ಲುಗಳು ಒಂದನ್ನೊಂದು ಎಳೆದಾಡಿ ಗಟ್ಟಿ ರಸ್ತೆಯಲ್ಲಿ ಟ್ರಾನ್ಸ್‌ಫರ್ ಕೇಸನ್ನು ಮುರಿಯುತ್ತವೆ. ಅಂಥ ಗಾಡಿಗಳಲ್ಲಿ ಸ್ಪೀಡೋ ಕೇಬಲ್ಲು ಕ್ರೌನ್ ಪಿನಿಯನ್ನಿಗಿಂತ ಮೊದಲೇ ಲೆಕ್ಕ ತೆಗೆದುಕೊಳ್ಳುವುದರಿಂದ ಹಲ್ಲು ಬದಲಾದರೆ ಮೀಟರೂ ಸುಳ್ಳು ಹೇಳುತ್ತದೆ.

ಕ್ರೌನ್ ಮತ್ತು ಪಿನಿಯನ್ನನ್ನು ಜೋಡಿಯಾಗಿಯೇ ಕೊಳ್ಳಬೇಕು. ಗುಜರಿಯಲ್ಲಿ ಒಂದು ಕಡೆ ಕ್ರೌನ್, ಇನ್ನೊಂದು ಕಡೆ ಪಿನಿಯನ್ ಆರಿಸಿ ತರಬೇಡ. ಅವು ಜೊತೆಯಾಗಿ ಉಜ್ಜಿ ಹೊಂದಿಕೊಂಡವು. ಕೂರಿಸುವ ಮೇಸ್ತ್ರಿ ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ ಅಳೆಯುತ್ತಾನೋ, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಎಲ್ಲಿ ತಾಗುತ್ತಿದೆ ಅಂತ ನೋಡುತ್ತಾನೋ ಗಮನಿಸು. "ಕೈಯಲ್ಲೇ ಗೊತ್ತಾಗುತ್ತೆ ಬಿಡಿ ಸಾರ್" ಅನ್ನುವವನ ಹತ್ತಿರ ಬಿಡಬೇಡ; ತಿಂಗಳೊಳಗೆ ಹೌಸಿಂಗು ಹಾಡಲು ಶುರು ಮಾಡುತ್ತದೆ. ನಿನ್ನ ಕಾರಿನಲ್ಲಾದರೆ ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಬೇಕು, ಬೇರಿಂಗ್ ಪ್ರೀಲೋಡ್ ಹೊಸದಾಗಿ ಕೂರಿಸಬೇಕು. ಆಯಿಲ್ ಮ್ಯಾನುಯಲ್ಲಿನಲ್ಲಿ ಹೇಳಿದ ದರ್ಜೆಯದೇ ಇರಲಿ. ಜೀಪಿನ ಹಿಂದಿನ ಹೌಸಿಂಗಿಗೆ ಬೇಕಾದ ಜಿಎಲ್-5 ಎಣ್ಣೆ ನಿನ್ನ ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗಿಗೆ ಒಗ್ಗದೆ ಇರಬಹುದು.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಅಪಘಾತವಾದಾಗ ವಿಮೆಯವರು ಇಂಥದ್ದನ್ನೇ ಹುಡುಕುತ್ತಾರೆ. 7000ಕ್ಕೆ ತಿರುಗಿಸುವ ಚಪಲ ಇದ್ದರೆ ಆಟೋಕ್ರಾಸಿಗೋ ಟ್ರ್ಯಾಕಿಗೋ ಬೇರೆ ಗಾಡಿ ಇಟ್ಟುಕೋ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಯನ್ನು ಅದಕ್ಕೆ ಒಡ್ಡಬೇಡ.

ಈಗ ಮಾಡಬೇಕಾದ ಕೆಲಸ ಇಷ್ಟು. ಮುಂದಿನ ಸಲ ಊರಿಗೆ ಬರುವಾಗ ಪಕ್ಕದಲ್ಲಿ ಕೂತವರ ಕೈಗೆ ಪುಸ್ತಕ ಕೊಟ್ಟು, ಯಾವ ಏರಿನಲ್ಲಿ, ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ ಎಳೆತ ಸಾಲದೆ ಬಂತು ಅಂತ ಬರೆಸು. ಬೆಂಗಳೂರಿನಲ್ಲಿ ಎಂಜಿನ್ನಿನ ಬಲ ಅಳೆಯುವ ಡೈನೋ ಇರುವ ಕಡೆ ಎಂಜಿನ್ನಿನ ಟಾರ್ಕ್ ರೇಖೆ ತೆಗೆಸು. ಎರಡನ್ನೂ ತಂದುಕೊಡು, ನಾವಿಬ್ಬರೂ ಕೂತು 108ರ ಲೆಕ್ಕ ಹಾಕೋಣ. ಎಳೆತ ಸಾಲದ ಜಾಗಗಳೆಲ್ಲ 40ರಿಂದ 75ರೊಳಗೆ ಬಿದ್ದಿದ್ದರೆ 4.6 ಬೇಡ, 4.3ರ ಸುತ್ತಮುತ್ತ ಏನು ಸಿಗುತ್ತದೆ ಅಂತ ನಾನೇ ಹುಡುಕಿಸಿ ಕೊಡುತ್ತೇನೆ. ಲಿಮಿಟ್ಟನ್ನು ಮುಟ್ಟುವುದೇ ಬೇಡ. 80 ದಾಟಿದ ಮೇಲೆ ಬಿದ್ದಿದ್ದರೆ ಹಲ್ಲಿನ ಯೋಚನೆ ಬಿಟ್ಟು ಮೊದಲು ಕಂಪ್ರೆಶನ್ ಚೆಕ್ ಮಾಡಿಸು, ಏರ್ ಫಿಲ್ಟರ್, ಪ್ಲಗ್, ಕ್ಲಚ್ ನೋಡಿಸು. ಹಳೆಯ ಕಾರಿನಲ್ಲಿ ಕಳೆದುಹೋದ ಕುದುರೆಗಳನ್ನು ವಾಪಸು ತರುವುದು ಹೊಸ ಹಲ್ಲಿಗಿಂತ ಅಗ್ಗ.